ಮಿಸುಕದ ಫೋನು

ಹೆಣ್ಣುಮಕ್ಕಳ ಶಾಲೆಯ ಗೇಟು ಕಾಯುವ ಹೆಂಗಸಿಗೆ ಮಕ್ಕಳು ಇಟ್ಟ ಹೆಸರು ಗೇಟಮ್ಮ. ಮೂವತ್ತು ವರ್ಷ ಅವಳ ಗಂಟಲು ಸವೆದದ್ದೆಲ್ಲ ಸಂಜೆ ನಾಲ್ಕರ ಮೇಲೆ. ಕೊನೆಯ ಗಂಟೆ ಹೊಡೆದರೂ ಹುಡುಗಿಯರು ಗೇಟಿಗೆ ಜೋತುಬಿದ್ದು ಹರಟುತ್ತಿದ್ದರು. ಜಗಳ, ಜಡೆ ಎಳೆದಾಟ, ಯಾರದೋ ಚೀಟಿ ಇನ್ಯಾರದೋ ಕೈಗೆ. "ನಿಮಗೇನು ಮನೆ ಮಠ ಇಲ್ವೇನ್ರೇ!" ಎಂದು ಬೀಗದ ಕೈ ಹಿಡಿದು ಅಟ್ಟಬೇಕಿತ್ತು. ಆಗ ಹಿಡಿಶಾಪ ಹಾಕಿದವಳೇ ಈಗ ಆ ಗಲಾಟೆಗೆ ಹಂಬಲಿಸುತ್ತಾಳೆ.

ಈಗ ಬೆಳಗ್ಗೆ ಎಲ್ಲರ ಫೋನು ಇಸಿದುಕೊಂಡು, ಹೆಸರು, ಫೋನ್ ನಂಬರು ಅಂಟಿಸಿದ ಚೀಲಗಳಲ್ಲಿ ಹಾಕಿ ಪೆಟ್ಟಿಗೆಯಲ್ಲಿಡುವುದು ಅವಳ ಕೆಲಸ. ದಿನವಿಡೀ ಪೆಟ್ಟಿಗೆ ಗುಂಯ್‌ಗುಟ್ಟುತ್ತದೆ. ಸಂಜೆ ಫೋನು ಕೈಗೆ ಬಂತೋ, ಎಲ್ಲರ ತಲೆ ಕೆಳಗೆ. ಎರಡೇ ನಿಮಿಷಕ್ಕೆ ಗೇಟು ಬಿಕೋ ಎನ್ನುತ್ತದೆ.

ಒಂಬತ್ತನೇ ಕ್ಲಾಸಿನ ಉದ್ದಜಡೆಯ ಹುಡುಗಿಯೊಬ್ಬಳ ಫೋನು ಮಾತ್ರ ಮಿಸುಕುತ್ತಿರಲಿಲ್ಲ. ಗೆಳತಿಯರು ಅವಳನ್ನು ಗ್ರೂಪಿನಿಂದ ಕಿತ್ತುಹಾಕಿದ್ದರಂತೆ. ಆದರೂ ಸಂಜೆ ಮೊದಲು ಓಡಿಬರುವವಳು ಅವಳೇ. ಪರದೆ ನೋಡಿದ್ದೇ ಮುಖ ಸಪ್ಪಗಾಗುತ್ತಿತ್ತು. ಒಂದು ದಿನ, "ನಾನು ಇಲ್ದೇ ಹೋದ್ರೂ ಯಾರಿಗೂ ಗೊತ್ತಾಗಲ್ಲ, ಅಲ್ವಾ ಗೇಟಮ್ಮ?" ಎಂದು ನಕ್ಕಳು. ಗೇಟಮ್ಮನಿಗೆ ಆ ನಗು ಸರಿ ಕಾಣಲಿಲ್ಲ. ಕೂಡಲೇ ಟೀಚರಿಗೆ ಹೇಳಿದಳು. ಅವರು ಹುಡುಗಿಯ ತಾಯಿಯನ್ನು ಕರೆಸಿ ಮಾತಾಡಿದರು. ಆದರೂ ಗೇಟಮ್ಮನ ಜೀವ ತಡೆಯಲಿಲ್ಲ.

ಮರುದಿನ ಮಧ್ಯಾಹ್ನ ಚೀಲದ ಮೇಲಿನ ನಂಬರು ನೋಡಿ ತನ್ನ ಹಳೇ ಬಟನ್ ಫೋನಿನಿಂದ ಒಂದು ಮಿಸ್ಡ್ ಕಾಲ್ ಕೊಟ್ಟಳು. ಪೆಟ್ಟಿಗೆಯೊಳಗೆ ಆ ಫೋನೂ ನಡುಗಿತು. ಯಾರೋ ನೆನೆಸಿಕೊಂಡರು ಎಂದಾದರೂ ಅನ್ನಿಸಲಿ ಮಗುವಿಗೆ. ದಿನಾ ಇದೇ ಕಳ್ಳಕೆಲಸ ನಡೆಯಿತು.

ಎಂಟನೆಯ ದಿನ ಎಲ್ಲರೂ ಹೋದ ಮೇಲೆ ಹುಡುಗಿ ಅಲ್ಲೇ ನಿಂತಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಯಾರೋ ದಿನಾ ಕಾಲ್ ಮಾಡಿ ಕಟ್ ಮಾಡ್ತಾರೆ. ಆ ಗ್ರೂಪಿನವರೇ ಯಾರ ಕೈಲೋ ಮಾಡಿಸ್ತಿರ್ಬೇಕು, ನನ್ನ ಗೋಳುಹೊಯ್ಕೊಳ್ಳೋಕೆ. ನಾಳೆಯಿಂದ ನಾನು ಸ್ಕೂಲಿಗೇ ಬರಲ್ಲ."

ಗೇಟಮ್ಮ ಕೈಲಿದ್ದ ಬೀಗದ ಕೈ ಕೆಳಗಿಟ್ಟಳು. ಹೇಳಿದರೆ ಕೆಲಸ ಹೋದೀತು. ಹೇಳದಿದ್ದರೆ ಹುಡುಗಿಯೇ ಹೋಗುತ್ತಾಳೆ.

"ಆ ನಂಬರಿಗೆ ನೀನೇ ಮಾಡು. ಈಗ್ಲೇ."

"ಭಯ ಆಗುತ್ತೆ."

"ನಾನಿದೀನಲ್ಲ, ಮಾಡು."

ಹುಡುಗಿ ಒತ್ತಿದಳು. ಗೇಟಮ್ಮನ ಸೊಂಟದಲ್ಲಿ ಫೋನು ಬಡಿದುಕೊಳ್ಳತೊಡಗಿತು.

"ನೀವಾ?"

"ನಾನೇ ಕಣೇ. ತಪ್ಪಾಯ್ತು. ನಿನ್ನ ಫೋನು ಸುಮ್ನೆ ಬಿದ್ದಿರೋದು ನೋಡೋಕಾಗ್ಲಿಲ್ಲ."

ಹುಡುಗಿ ಅತ್ತಳು. ಆಮೇಲೆ ಗೇಟಮ್ಮನಿಗೆ ಚೆನ್ನಾಗಿ ಬೈದಳು. ಬೈಯುತ್ತಾ ಬೈಯುತ್ತಾ ತಿಂಗಳಿಂದ ಒಳಗೇ ಇಟ್ಟುಕೊಂಡಿದ್ದನ್ನೆಲ್ಲ ತೋಡಿಕೊಂಡಳು. ಮಾತು ಮುಗಿಯುವ ಲಕ್ಷಣವೇ ಇರಲಿಲ್ಲ. ಹೊತ್ತು ಇಳಿಯಿತು. ಗೇಟಮ್ಮ ಬೀಗದ ಕೈ ಎತ್ತಿಕೊಂಡಳು; ಎಷ್ಟೋ ವರ್ಷದಿಂದ ಆಡದ ಮಾತು ತಾನಾಗಿ ಬಾಯಿಗೆ ಬಂತು.

"ನಿನಗೇನು ಮನೆ ಮಠ ಇಲ್ವೇನೇ!"

"ಇನ್ನೊಂದೇ ನಿಮಿಷ ಗೇಟಮ್ಮ," ಎಂದು ಹುಡುಗಿ ಗೇಟಿಗೆ ಜೋತುಬಿದ್ದಳು.

ಗೇಟಮ್ಮ ಬೀಗ ಹಾಕಲಿಲ್ಲ.