ನೂರಾಗುವ ತನಕ ಏಳಬಾರದು

ನನ್ನ ಗಂಡ ತೀರಿಕೊಂಡಾಗ ನಾನು ಅದೇ ಪಡಸಾಲೆಯಲ್ಲಿ ಕುಳಿತಿದ್ದೆ. ಅವರ ತಾಯಿಯೂ ಅಲ್ಲೇ ಇದ್ದರು. ಬಾಗಿಲ ಹತ್ತಿರ ನೆರೆಮನೆಯ ಟೇಲರ್ ಇದ್ದರು. ಹಗಲು ಹೊತ್ತು, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು. ಆದರೂ ಮೂವರಿಗೂ ಗೊತ್ತಾಗಲಿಲ್ಲ. ಇದನ್ನು ಹೇಳಿದರೆ ಕೇಳಿದವರು ನನ್ನ ಮುಖವನ್ನೇ ನೋಡುತ್ತಾರೆ. ಅವರಿಗೆ ತಿಳಿಯಬೇಕಾದರೆ ಆ ಬ್ಯಾಟ್ಸ್‌ಮನ್ನನ ಕತೆಯಿಂದಲೇ ಶುರು ಮಾಡಬೇಕಾಗುತ್ತದೆ.

ಅವನ ಹೆಸರು ಆಗ ಪತ್ರಿಕೆಗಳಲ್ಲಿ ಬರುತ್ತಿತ್ತು. ನಾನು ಬರೆಯುವುದಿಲ್ಲ, ಬರೆದರೆ ಕತೆ ಅವನದಾಗುತ್ತದೆ. ಅವನಿನ್ನೂ ಕಾಲೇಜು ಹುಡುಗನಾಗಿದ್ದಾಗ ಒಂದು ಪಂದ್ಯಕ್ಕೆ ಬೈಲಹೊಂಗಲಕ್ಕೆ ಬಂದಿದ್ದ. ನಮ್ಮವರು ಅಲ್ಲಿ ಸಾಲೆಯ ಮಾಸ್ತರರು, ಊರ ತಂಡದ ಬೌಲರು. ನೆಲದ ಮೇಲೆ ನಾರಿನ ಚಾಪೆ ಹಾಸಿ, ಅಂಚಿಗೆ ಕಬ್ಬಿಣದ ಮೊಳೆ ಹೊಡೆದು ಆಡುತ್ತಿದ್ದ ಕಾಲ. ದೊಡ್ಡ ಆಟಗಾರನಾಗುತ್ತಾನೆ ಎಂದು ಎಲ್ಲರೂ ಹೇಳುತ್ತಿದ್ದ ಆ ಹುಡುಗನನ್ನು ನಮ್ಮವರು ಮೊದಲನೇ ಚೆಂಡಿಗೇ ಬೌಲ್ಡ್ ಮಾಡಿದರು.

ಮುಂದೆ ಆ ಹುಡುಗ ರಾಜ್ಯಕ್ಕೆ ಆಡಿದ, ದೇಶಕ್ಕೆ ಆಡಿದ. ನಮಗೆ ಸವದತ್ತಿಗೆ ವರ್ಗವಾಯಿತು. ಅವನು ದೊಡ್ಡವನಾದಷ್ಟೂ ಓಣಿಯಲ್ಲಿ ನಮ್ಮವರ ಆ ಒಂದು ಚೆಂಡೂ ದೊಡ್ಡದಾಯಿತು. ನಂಬದವರೂ ಇದ್ದರು. ಟೇಲರ್ ಅಂತೂ ಬಿಡುತ್ತಿರಲಿಲ್ಲ.

“ಮಾಸ್ತರ, ನೀವು ಔಟ್ ಮಾಡಿದ್ದು ಇವನನ್ನ ಹೌದೇನ್ರಿ? ಇಲ್ಲಾ ಇವನಂಗ ಕಾಣಾ ಬ್ಯಾರೆ ಯಾವನರ?”

“ಇವನನ್ನ.”

“ಅಂಗಾರ ಅಂವ ರೇಡಿಯೋದಾಗ ಒಮ್ಮೆರ ನಿಮ್ಮ ಹೆಸರ ಹೇಳವಲ್ಲ ಯಾಕ?”

“ನಿಮ್ಮ ಅಂಗಿ ಹಾಕ್ಕೊಂಡವ್ರು ನಿಮ್ಮ ಹೆಸರ ಹೇಳ್ಕೋತ ತಿರಗತಾರೇನು?” ಎಂದು ಇವರು ಕೇಳುತ್ತಿದ್ದರು. ಟೇಲರ್ ನಗುತ್ತ ಮಷಿನ್ ತುಳಿಯಲು ಹೋಗುತ್ತಿದ್ದರು.

ನಿಜ ಏನೆಂಬುದು ನನಗೆ ಮಾತ್ರ ಹೇಳಿದ್ದರು. ಚೆಂಡು ಮೊಳೆಗೆ ಬಡಿದಿತ್ತು. ಏಳದೆ, ನೆಲ ಸವರಿಕೊಂಡು ಹೋಗಿ ಸ್ಟಂಪಿಗೆ ತಾಗಿತ್ತು. ಆ ಹುಡುಗ ಬಾಗಿ ಮೊಳೆಯನ್ನು ನೋಡಿದ, ತಲೆಯೆತ್ತಿ ಇವರನ್ನು ನೋಡಿದ, ಒಂದು ಮಾತೂ ಆಡದೆ ಬ್ಯಾಟನ್ನು ಬಗಲಲ್ಲಿಟ್ಟುಕೊಂಡು ನಡೆದುಬಿಟ್ಟ. ಸುತ್ತ ನಿಂತವರು ಇವರನ್ನು ಎತ್ತಿ ಕುಣಿದಾಡಿದರು. “ಬ್ಯಾರೆಯವ ಆಗಿದ್ರ ಜಗಳಾ ತಗೀತಿದ್ದ. ಅವ ಒಂದ್ ಮಾತ್ ಆಡಲಿಲ್ಲ ನೋಡು. ಅವ ದೇಶಕ್ಕ ಒಂದ್ ನೂರು ಹೊಡೀಲಿ, ಅವತ್ತ ನನ್ನ ಮನಸ್ಸಿಗೆ ಸಮಾಧಾನ” ಎನ್ನುತ್ತಿದ್ದರು. ಜನ ಇವರನ್ನು ಹೊಗಳಿದಾಗೆಲ್ಲ ಇವರ ಮುಖ ಸಣ್ಣದಾಗುವುದನ್ನು ನಾನು ನೋಡಿದ್ದೇನೆ.

ಆ ನೂರು ಮಾತ್ರ ಬರಲಿಲ್ಲ. ಮೊದಲನೇ ಟೆಸ್ಟಿನಲ್ಲಿ ಅವನು ಚೆನ್ನಾಗಿಯೇ ಆಡಿದ. ಆಮೇಲೆ ಹೊರದೇಶಕ್ಕೆ ಹೋಗಿ, ಅಲ್ಲಿನ ಪುಟಿಯುವ ಚೆಂಡಿಗೆ ಸೋತು ಬಂದ. ತಂಡದಿಂದ ತೆಗೆದರು. ಊರೂರು ಆಡಿ ರನ್ನು ಹೊಡೆದ ಮೇಲೆ ಮತ್ತೆ ಕರೆದರು. ಮತ್ತೆ ಬಂದಾಗ ಒಮ್ಮೆ ತೊಂಬತ್ತು ದಾಟಿದ. ರೇಡಿಯೊ ಮುಂದೆ ಕುಳಿತಿದ್ದ ಇವರು ತಡೆಯಲಾರದೆ “ನೂರಾತು ಅಂತ ತಿಳೀರಿನ್ನ” ಎಂದುಬಿಟ್ಟರು. ಅದೇ ಹೊತ್ತಿಗೆ ಅತ್ತೆ ಹಾಲು ಉಕ್ಕಿತೆಂದು ಎದ್ದು ಒಳಗೆ ಹೋದರು. ಮುಂದಿನ ಚೆಂಡಿಗೆ ಅವನು ಔಟಾದ. ಆ ಮಧ್ಯಾಹ್ನ ಇವರು ಉಣ್ಣಲಿಲ್ಲ. “ಹಾಲು ಉಕ್ಕಿ ಹೋಗ್ಲಿ ಅನ್ನಬೇಕಿತ್ತೇನೊ?” ಎಂದು ಅತ್ತೆ ಕೇಳಿದರು. “ಹೌದು” ಎಂದರು ಮಗ, ನಗದೆ.

ಇವರ ಮನೆತನ ರಾಮದುರ್ಗದ್ದು, ತಲೆಮಾರುಗಳಿಂದ ಪೂಜೆಯವರು. ಗುಡಿಯ ಪೂಜೆಯ ಪಾಳಿಯನ್ನು ದಾಯಾದಿಗಳಿಗೆ ಬಿಟ್ಟು ಇವರು ಮಾಸ್ತರಿಕೆಗೆ ಬಂದಿದ್ದರು. ಆದರೆ ರಕ್ತದಲ್ಲಿದ್ದದ್ದು ಎಲ್ಲಿಗೆ ಹೋಗುತ್ತದೆ? ಸಂಕಲ್ಪ ಮಾಡಿ ಕುಳಿತವರು ಪೂಜೆ ಮುಗಿಯುವ ತನಕ ಆಸನ ಬಿಡಬಾರದು, ಕೆಲವು ಪೂಜೆಗಳಲ್ಲಿ ಮಾತೂ ಆಡಬಾರದು ಎಂಬುದು ಆ ಮನೆಯ ಮಕ್ಕಳಿಗೆ ಬುದ್ಧಿ ಬರುವ ಮೊದಲೇ ಬಂದಿರುತ್ತಿತ್ತು. ಅದನ್ನು ಇವರು ರೇಡಿಯೊ ಮುಂದೆ ತಂದಿಟ್ಟರು. ಅವನು ಆಡಲು ಇಳಿದರೆ ಎಲ್ಲರೂ ಅವರವರ ಜಾಗದಲ್ಲಿ ಕುಳಿತುಕೊಳ್ಳಬೇಕು. ಅತ್ತೆ ಕಂಬದ ಬುಡದ ಮಣೆಯ ಮೇಲೆ, ನಾನು ಅಡುಗೆಮನೆಯ ಹೊಸ್ತಿಲ ಈಚೆ, ಟೇಲರ್ ತಲಬಾಗಿಲ ಹತ್ತಿರ. ತೊಂಬತ್ತಾದ ಮೇಲೆ ಮೌನ. ಇವರು ಕೈ ಎತ್ತಿದರೆ ಮೌನ ಶುರುವಾಯಿತೆಂದು ತಿಳಿಯಬೇಕು. ಆಮೇಲೆ ನೂರೋ ಔಟೋ, ಎರಡರಲ್ಲೊಂದು ಆಗಿ ಇವರು “ಏಳ್ರಿನ್ನ” ಅನ್ನುವ ತನಕ ಯಾರೂ ಅಲುಗಾಡಕೂಡದು. ಆಟದ ನಡುವೆ ಚಹಾ ವಿರಾಮ ಬಂದರೂ ಸಂಕಲ್ಪ ಮುರಿಯುವುದಿಲ್ಲ.

ನಾನು ಕಿತ್ತೂರಿನಲ್ಲಿ ಏಳನೇ ಇಯತ್ತೆ ತನಕ ಓದಿದವಳು. ಇದೆಲ್ಲ ಹುಚ್ಚು ಎಂದು ಅನ್ನಿಸದೆ ಇರಲಿಲ್ಲ. ಆದರೂ ಕುಳಿತುಕೊಳ್ಳುತ್ತಿದ್ದೆ. ಅಕ್ಕಿ ಆರಿಸುವುದನ್ನೂ ಸದ್ದಾಗದಂತೆ ಆರಿಸುತ್ತಿದ್ದೆ.

ಅವತ್ತು ರವಿವಾರ. ಚಳಿಗಾಲ ಮುಗಿಯುತ್ತ ಬಂದಿತ್ತು. ಬೆಳಿಗ್ಗೆ ಇವರು ಎಡಗಡೆಯ ಹೆಗಲು ಒತ್ತಿಕೊಳ್ಳುತ್ತಿದ್ದರು. ಏನಾಯಿತು ಎಂದೆ. “ನಿನ್ನಿ ಸಾಲ್ಯಾಗ ಹುಡುಗರ ಸಂಗತಿ ಬಾಲ್ ಒಗದೆ. ವಯಸ್ಸಾತಲ್ಲ” ಎಂದರು. ಅವರಿಗಿನ್ನೂ ನಲವತ್ತು ತುಂಬಿರಲಿಲ್ಲ. ಚೆಂಡು ಎಸೆಯುವುದು ಬಲಗೈಯಿಂದ, ನೋವು ಎಡಗಡೆ ಯಾಕೆ ಎಂದು ಆಗ ನನಗೆ ಹೊಳೆಯಲಿಲ್ಲ. ಹೊಳೆದದ್ದು ಎಲ್ಲ ಮುಗಿದ ಮೇಲೆ.

ಈ ಪಂದ್ಯದಲ್ಲಿ ಚೆನ್ನಾಗಿ ಆಡದಿದ್ದರೆ ಅವನನ್ನು ಮತ್ತೆ ಕರೆಯುವುದಿಲ್ಲ ಎಂದು ಪತ್ರಿಕೆಯಲ್ಲಿ ಬಂದಿತ್ತು. ಊಟದ ನಂತರ ಇವರು ಆರಾಮ ಕುರ್ಚಿಯಲ್ಲಿ ಒರಗಿ, ರೇಡಿಯೊವನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿಕೊಂಡರು. ಯಾವಾಗಲೂ ಹಾಗೆಯೇ. ಸೆಲ್ಲು ಬೇಗ ಮುಗಿಯಬಾರದೆಂದು ದನಿ ಸಣ್ಣದಾಗಿ ಇಡುತ್ತಿದ್ದರು. ಅದೂ ಇಂಗ್ಲಿಷು. ನಮಗೆ ಕೇಳುತ್ತಿದ್ದುದು ಕರಕರ ಸದ್ದು ಮತ್ತು ಜನರ ಗದ್ದಲ ಮಾತ್ರ. ಆದದ್ದನ್ನು ಇವರು ಕನ್ನಡದಲ್ಲಿ ಹೇಳುತ್ತಿದ್ದರು. ಎಂಬತ್ತಾತು ಎಂದರು. ಛಲೋ ಆಡ್ಲಿಕತ್ತಾನ ಎಂದರು. ನಾನು ಚಹಾ ಮಾಡಿ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟು ನನ್ನ ಜಾಗಕ್ಕೆ ಬಂದು ಕುಳಿತೆ. ಆಗಲೇ ಇವರ ಕೈ ಮೇಲೆದ್ದಿತು. ಟೇಲರ್ ಬಾಯಲ್ಲಿದ್ದ ಅಡಿಕೆಯನ್ನು ಅಗಿಯುವುದು ನಿಲ್ಲಿಸಿದರು.

ಕೈ ಎತ್ತಿದ್ದು ನೆನಪಿದೆ. ಇಳಿಸಿದ್ದು ನೆನಪಿಲ್ಲ.

ರೇಡಿಯೊ ಮಾತಾಡುತ್ತಲೇ ಇತ್ತು. ಒಮ್ಮೆ ಅದರ ದನಿ ಬದಲಾಗಿ ಚಪ್ಪಾಳೆ ಕೇಳಿಸಿತು, ಆಮೇಲೆ ಬೇರೆ ಯಾರೋ ನಿಧಾನವಾಗಿ ಮಾತಾಡಿದರು. ಚಹಾ ವಿರಾಮ ಬಂದಿತೆಂದು ಲೆಕ್ಕ ಹಾಕಿದೆ. ಇವರು ಏಳಿ ಅನ್ನಲಿಲ್ಲ. ಅನ್ನುವ ಪದ್ಧತಿಯೂ ಇರಲಿಲ್ಲ. ಸ್ಟೂಲಿನ ಮೇಲಿನ ಚಹಾಕ್ಕೆ ಕೆನೆ ಕಟ್ಟುವುದು ನನಗೆ ಕಾಣುತ್ತಿತ್ತು. ಇನ್ನೊಮ್ಮೆ ಬಿಸಿ ಮಾಡಬೇಕಾಗುತ್ತದಲ್ಲ ಎಂದುಕೊಂಡೆ. ಇಷ್ಟನ್ನೇ ಅಂದುಕೊಂಡೆ. ಇವರ ಗದ್ದ ಎದೆಗೆ ತಾಗಿತ್ತು. ಅದೂ ಯಾವಾಗಿನಂತೆಯೇ. ಒಂದು ನೊಣ ಕೈಯ ಮೇಲೆ ಕೂತಿತು, ಇವರು ಓಡಿಸಲಿಲ್ಲ. ಎಷ್ಟು ನಿಷ್ಠೆ ಎಂದು ನನಗೆ ಒಳಗೇ ನಗು ಬಂತು. ನಾನು ನಕ್ಕಿದ್ದೆ. ಅದನ್ನು ಹೇಗೆ ಬರೆಯಬೇಕೋ ತಿಳಿಯದು.

ಆಟ ಮತ್ತೆ ಶುರುವಾದ ಮೇಲೆ ಸ್ವಲ್ಪ ಹೊತ್ತಿಗೆ ರೇಡಿಯೊ ಒಮ್ಮೆಲೇ ಭೋರ್ಗರೆಯಿತು. ಅಂಥ ಗದ್ದಲವನ್ನು ನಾನು ಅದರಲ್ಲಿ ಕೇಳಿರಲಿಲ್ಲ. ಮೂವರೂ ಇವರ ಮುಖ ನೋಡಿದೆವು. ನೂರೋ, ಔಟೋ? ಇವರು ಕಣ್ಣು ತೆರೆಯಲಿಲ್ಲ. ಇನ್ನೂ ಒಂದು ರನ್ನು ಉಳಿದಿರಬೇಕು ಎಂದು ನಾವು ಸುಮ್ಮನೆ ಕುಳಿತೆವು. ನಮ್ಮಷ್ಟು ಶಿಸ್ತಿನಿಂದ ಆ ಮೈದಾನದಲ್ಲಿಯೂ ಯಾರೂ ಕುಳಿತಿರಲಿಕ್ಕಿಲ್ಲ.

ಅಷ್ಟರಲ್ಲಿ ಇವರ ಸಾಲೆಯ ಡ್ರಾಯಿಂಗ್ ಮಾಸ್ತರರು ಓಡುತ್ತ ಬಂದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ರೇಡಿಯೊ ಕೇಳುತ್ತಿದ್ದವರು, ಚಪ್ಪಲಿ ಕೂಡ ಬಿಡದೆ ಒಳಗೆ ಬಂದುಬಿಟ್ಟರು.

“ಮಾಸ್ತರ, ಹೊಡದಾ ನೋಡ್ರಿ ಸೆಂಚುರಿ. ನಿಮ್ಮಾಂವ ಹೊಡದಾ. ಏನ್ರಿ, ಇಷ್ಟ ಗದ್ದಲದಾಗ ನಿದ್ದಿ ಮಾಡಾಕತ್ತೀರಿ?”

ನಗುತ್ತ ಹೆಗಲು ಹಿಡಿದು ಅಲುಗಿಸಿದರು. ರೇಡಿಯೊ ಜಾರಿ ನೆಲಕ್ಕೆ ಬಿತ್ತು. ಬಿದ್ದರೂ ಮಾತಾಡುತ್ತಲೇ ಇತ್ತು. ಡ್ರಾಯಿಂಗ್ ಮಾಸ್ತರರ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು, ಅದನ್ನು ತೆಗೆಯುವುದು ಅವರಿಗೆ ತಿಳಿಯಲಿಲ್ಲ. ಟೇಲರ್ ಬಂದು ಇವರ ಕೈ ಮುಟ್ಟಿದರು. ಮುಟ್ಟಿ, ಥಟ್ಟನೆ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು.

ಡಾಕ್ಟರು ಬಂದರು. ನೋಡಿದರು. “ಭಾಳ ಹೊತ್ತಾಗೇದಲ್ರಿ. ಯಾರೂ ನೋಡಿಲ್ಲೇನು?” ಎಂದು ಕೇಳಿದರು. ಸಿಟ್ಟಿನಿಂದಲ್ಲ, ಆಶ್ಚರ್ಯದಿಂದ. ಟೇಲರ್ ಬಾಯಿ ತೆರೆದು ಏನೋ ಹೇಳಲು ಹೋದರು. ಹೇಗೆ ಹೇಳುವುದು? ನೋಡುತ್ತಲೇ ಇದ್ದೆವು ಎಂದೇ? ಕಣ್ಣು ಕದಲಿಸದೆ ಅವರನ್ನೇ ನೋಡುತ್ತಿದ್ದೆವು.

ಎಷ್ಟು ಹೊತ್ತು ಎಂದು ಡಾಕ್ಟರನ್ನು ನಾನು ಕೇಳಲಿಲ್ಲ. ಚಹಾ ವಿರಾಮಕ್ಕಿಂತ ಮೊದಲೇ ಎಂದುಬಿಟ್ಟಾರು ಎಂಬ ಭಯ. ಗದ್ದಲವಾದಾಗ ಮಾಸ್ತರರ ಬೆರಳು ಅಲುಗಿದ್ದನ್ನು ತಾವು ಕಂಡದ್ದಾಗಿ ಟೇಲರ್ ಆಮೇಲೆ ಎಷ್ಟೋ ಸಲ ಹೇಳಿದರು. ಅವರು ಒಳ್ಳೆಯ ಮನುಷ್ಯರು. ಆದರೆ ಕೆನೆ ಕಟ್ಟಿದ ಆ ಚಹಾವನ್ನು ಕಂಡವಳು ನಾನು.

ಆ ಬ್ಯಾಟ್ಸ್‌ಮನ್ ಆಮೇಲೂ ಕೆಲವು ವರ್ಷ ಆಡಿದನಂತೆ, ಇನ್ನೂ ನೂರುಗಳನ್ನು ಹೊಡೆದನಂತೆ. ನಾನು ಕೇಳಲಿಲ್ಲ. ರೇಡಿಯೊವನ್ನು ಕಿತ್ತೂರಿನ ಅಣ್ಣನಿಗೆ ಕೊಟ್ಟೆ. ಅದರ ಒಂದು ಮೂಲೆ ಒಡೆದಿತ್ತು.

ಆ ಸಂಜೆ ಮನೆ ತುಂಬ ಜನ ಸೇರಿದ್ದರು. ಇವರನ್ನು ಕುರ್ಚಿಯಿಂದ ಕೆಳಗೆ ಮಲಗಿಸಿದ್ದರು. ಹೆಂಗಸರು ಅಳುತ್ತಿದ್ದರು. ಅತ್ತೆ ಮಾತ್ರ ಕಂಬದ ಬುಡದ ಮಣೆಯ ಮೇಲೆ ಹಾಗೆಯೇ ಕುಳಿತಿದ್ದರು. ಮಗನ ಬಾಯಿಗೆ ಗಂಗೆ ಹಾಕಲು ಬನ್ನಿ ಎಂದು ಯಾರೋ ತೋಳು ಹಿಡಿದರೆ ಬಿಡಿಸಿಕೊಂಡರು. ಎರಡನೆಯ ಸಲವೂ ಬಿಡಿಸಿಕೊಂಡರು. ಬುದ್ಧಿಗೆ ಏನೋ ಆಗಿದೆ ಎಂದು ಒಬ್ಬಾಕೆ ನನ್ನ ಕಿವಿಯಲ್ಲಿ ಹೇಳಿದಳು. ನಾನು ಹೋಗಿ ಅವರ ಮುಂದೆ ಕುಳಿತೆ.

“ಅತ್ಯಾ, ಏಳ್ರಿ.”

“ಅವ ಇನ್ನೂ ಏಳ್ರಿ ಅಂದಿಲ್ಲ.”

“ನೂರಾತ್ರಿ ಅತ್ಯಾ. ಆಗೇದ.”

ಅವರು ನನ್ನನ್ನು ನೋಡಿದರು. ಎಲ್ಲವೂ ತಿಳಿದಿದ್ದ ಕಣ್ಣು, ಬುದ್ಧಿಗೆ ಏನೂ ಆಗಿರಲಿಲ್ಲ.

“ಅವಗ ಕೇಳಿಸ್ತೇನ?”

“ಕೇಳಿಸ್ತು” ಎಂದೆ.

ಆಗ ಅವರು ನೆಲಕ್ಕೆ ಕೈಯೂರಿ ಎದ್ದರು.