ಆರುನೂರು ಗ್ರಾಂ ಹೋಳಿಗೆ

ಬೆಳಿಗ್ಗೆ ಫೋನಿಗೆ ಒಂದು ಫೋಟೊ ಬಂತು. ಬಿಳಿ ಪುಡಿ ಮೆತ್ತಿದ ಎರಡು ಅಂಗೈ, ಬೆರಳ ಬುಡದಲ್ಲೆಲ್ಲ ಗಂಟುಗಟ್ಟಿದ ಚರ್ಮ. ಕೆಳಗೆ ಇಂಗ್ಲಿಷಿನಲ್ಲಿ ಒಂದೇ ಸಾಲು: ‘ಆಂಟಿ, ಇವತ್ತಿಗೆ ಮುಗೀತು, ಇನ್ನು ಎತ್ತಲ್ಲ.’ ಕಳಿಸಿದವಳು ಲಿಗಾಯಾ, ಫಿಲಿಪೀನ್ಸಿನ ವೇಟ್‌ಲಿಫ್ಟರ್. ಚಿತ್ರದುರ್ಗದ ರಿಟೈರ್ಡ್ ಇಂಗ್ಲಿಷ್ ಟೀಚರಿಗೂ ಅವಳಿಗೂ ಎಲ್ಲಿಯ ನಂಟು ಅಂತೀರಾ? ಹೇಳ್ತೀನಿ, ಅವಸರವೇನಿಲ್ಲವಲ್ಲ.

ಹದಿನೆಂಟು ವರ್ಷದ ಹಿಂದೆ ನಮ್ಮ ದುರ್ಗದಲ್ಲಿ ಭಾರ ಎತ್ತುವ ಸ್ಪರ್ಧೆ ನಡೆಯಿತು, ಹೊರದೇಶದ ಹುಡುಗಿಯರೂ ಬಂದಿದ್ದರು. ಲಾಡ್ಜುಗಳು ತುಂಬಿ, ಇಂಗ್ಲಿಷ್ ಬರುವ ಮನೆ ಅಂತ ಹುಡುಕಿ ಅವಳನ್ನು ನಮ್ಮಲ್ಲಿಗೆ ಕಳಿಸಿದರು. ಕಾನ್ವೆಂಟಿನ ಸಿಸ್ಟರುಗಳು ತಿದ್ದಿ ತೀಡಿದ ನನ್ನ ಇಂಗ್ಲಿಷಿಗೆ ಅಷ್ಟು ಮರ್ಯಾದೆ ಹಿಂದೆಂದೂ ಸಿಕ್ಕಿರಲಿಲ್ಲ. ಎರಡು ದಿನ ನಾನು ನೆಲದ ಮೇಲೇ ನಡೆಯಲಿಲ್ಲ ಅನ್ನಿ. ಲಿಗಾಯಾಗೆ ಆಗ ಹತ್ತೊಂಬತ್ತು. ಪರದೇಶದಲ್ಲಿ ಎತ್ತುವುದು ಅದೇ ಮೊದಲು. ಪದಕ ಬಂದರೆ ದೊಡ್ಡ ಕ್ಯಾಂಪಿಗೆ ಸೇರಿಸಿಕೊಳ್ಳುತ್ತಾರೆ, ಇಲ್ಲದಿದ್ದರೆ ವಾಪಸು ಊರಿಗೆ.

ಸ್ಪರ್ಧೆಯ ಬೆಳಿಗ್ಗೆ ನಮ್ಮತ್ತೆ ಹೋಳಿಗೆ ಮಾಡಿದರು. ಮತ್ತೋಡಿನ ಕುರಿ ಸಾಕುವವರ ಮನೆಯ ಹೆಣ್ಣುಮಗಳು ಅವರು, ಉಣ್ಣಿಸುವುದೆಂದರೆ ಹಟ.

“ಏನವ್ವಾ, ಕಬ್ಬಿಣ ಎತ್ತೋ ಹುಡುಗಿ ಗುಬ್ಬಿ ತಿಂದಂಗೆ ತಿಂದ್ರೆ ಹೆಂಗೆ? ಇನ್ನೊಂದು ಹಾಕ್ಕ.”

“ಅತ್ತೆ, ಸಾಕಂತೆ.”

“ಮೊದ್ಲನೇ ಸಾಕು ಯಾರ್ ಕೇಳ್ತಾರೆ? ತುಪ್ಪ ತಗಂಡ್ ಬಾರೇ.”

ನಮ್ಮ ಕಡೆ ಹಾಗೇ. ಮೂರು ಸಲ ಎಲೆಗೆ ಕೈ ಅಡ್ಡ ಹಿಡಿದರೆ ಮಾತ್ರ ಹೊಟ್ಟೆ ತುಂಬಿತು ಅಂತ ಅರ್ಥ. ಲಿಗಾಯಾ ಒಂದೇ ಸಲ ಹಿಡಿದಳು. ನಾನಾದರೂ ಈ ಪದ್ಧತಿಯನ್ನು ಅವಳಿಗೆ ಹೇಳಬೇಕಿತ್ತು. ಬದಲಿಗೆ “ಪ್ಲೀಸ್ ಡು ಹ್ಯಾವ್ ಅನದರ್” ಅಂತ ಮಹಾರಾಣಿಯ ಹಾಗೆ ಉಲಿದೆ.

ಮಧ್ಯಾಹ್ನ ಅವಳ ತೂಕ ನೋಡಿದರೆ, ಅವಳ ವರ್ಗದ ಮಿತಿಗಿಂತ ಆರುನೂರು ಗ್ರಾಂ ಹೆಚ್ಚು! ಒಂದು ಗಂಟೆಯೊಳಗೆ ಇಳಿಸದಿದ್ದರೆ ಸ್ಪರ್ಧೆಯಿಂದಲೇ ಹೊರಗೆ. ಅವಳ ಕೋಚ್ ನನ್ನ ಕಡೆ ನೋಡಿದ ನೋಟ ಇನ್ನೂ ಮರೆತಿಲ್ಲ. ಹೊರಗೆ ಕರಿ ಕಂಬಳಿ ಹಾಸಿ ಕೂತಿದ್ದ ಅತ್ತೆಗೆ ವಿಷಯ ಹೇಳಿದೆ. ಅವರು ತಟ್ಟನೆ ಎದ್ದರು. ಕಂಬಳಿ ಕೊಡವಿ, ಹುಡುಗಿಗೆ ತಲೆಯಿಂದ ಸುತ್ತಿ, ಸುಡುವ ಬಿಸಿಲಿಗೆ ನೂಕಿದರು. “ಓಡವ್ವ, ಓಡು! ನಿಲ್ಲಬ್ಯಾಡ!” ಮೈದಾನದ ಸುತ್ತ ಕಂಬಳಿ ಮುಂದೆ, ಸೆರಗು ಸಿಕ್ಕಿಸಿಕೊಂಡ ಮುದುಕಿ ಹಿಂದೆ. ಜನ ನಕ್ಕರು. ನನಗೆ ನಗು ಬರಲಿಲ್ಲ.

ಗಂಟೆ ಮುಗಿಯಲು ಐದು ನಿಮಿಷ ಇರುವಾಗ ತೂಕ ಸರಿಹೋಯಿತು. ಆದರೆ ಮೈಯ ನೀರೆಲ್ಲ ಬಸಿದುಹೋಗಿತ್ತು. ಕೊನೆಯ ಸಲ ಎತ್ತುವಾಗ ಮೊಣಕಾಲು ನಡುಗಿ ಸಲಾಕೆ ಹಿಂದಕ್ಕೆ ಬಿತ್ತು. ನಾಲ್ಕನೇ ಸ್ಥಾನ. ಕ್ಯಾಂಪ್ ಕೈತಪ್ಪಿತು.

ಎರಡು ವರ್ಷ ಊರಲ್ಲೇ ಎತ್ತಿ, ಆಮೇಲೆ ಹೇಗೋ ಕ್ಯಾಂಪಿಗೆ ಸೇರಿಕೊಂಡಳು. ಥಾಯ್ಲೆಂಡ್, ಉಜ್ಬೆಕಿಸ್ತಾನ, ಪೆರು, ಎಲ್ಲಿಗೆ ಹೋದರೂ ನನಗೊಂದು ಮೆಸೇಜ್. ಎರಡು ಕಂಚು, ಒಂದು ಬೆಳ್ಳಿ, ಒಂದು ಭುಜದ ಆಪರೇಷನ್. ನಾನು ಪ್ರತಿಸಲ ‘ಕಂಗ್ರಾಚುಲೇಷನ್ಸ್ ಡಿಯರ್’ ಅಂತ ಬರೆದು, ಮನಸ್ಸಿನಲ್ಲಿ ಆ ಎರಡು ವರ್ಷವನ್ನು ನೆನೆಯುತ್ತಿದ್ದೆ. ಅತ್ತೆಯಂತೂ ಅವತ್ತಿನಿಂದ ಯಾರಿಗೂ ಬಲವಂತ ಮಾಡಿದವರಲ್ಲ. ಒಂದು ಸಲ ಬಡಿಸಿ ಪಾತ್ರೆ ಒಳಗಿಟ್ಟುಬಿಡುವರು. ಮುದುಕಿಗೆ ಕೈ ಬಿಗಿಯಾಯ್ತು ಅಂತ ನೆಂಟರು ಆಡಿಕೊಂಡರು. “ಅನ್ಲಿ ಬಿಡೇ, ಒಂದು ಹುಡುಗಿ ಹಾಳು ಮಾಡಿದ್ದು ಸಾಲ್ದಾ?” ಅನ್ನುವರು.

ಇವತ್ತು ಫೋಟೊ ನೋಡಿ ಧೈರ್ಯ ಮಾಡಿ ಫೋನ್ ಮಾಡಿದೆ. ಹೋಳಿಗೆಯ ಮಾತೆತ್ತಿ ಸಾರಿ ಅಂದೆ.

ಅವಳು ನಕ್ಕಳು. “ಆಂಟಿ, ಒಂದೊಂದು ಗ್ರಾಮಿನ ಲೆಕ್ಕವೂ ನನಗೆ ಗೊತ್ತಿತ್ತು. ಹನ್ನೆರಡನೇ ವಯಸ್ಸಿನಿಂದ ಎಲ್ಲರೂ ತಿನ್ನಬೇಡ ಅಂದವರೇ. ತಿನ್ನು ಅಂದವರು ನಿಮ್ಮತ್ತೆ ಒಬ್ಬರೇ. ಬೇಕಂತಲೇ ತಿಂದೆ. ಅವರು ಹೇಗಿದ್ದಾರೆ?”

ಅತ್ತೆ ಹೋಗಿ ಆರು ವರ್ಷವಾಯಿತು ಅಂದೆ.

ಇದನ್ನು ಎಂದೋ ಕೇಳಬಹುದಿತ್ತು. ಅಂಥದ್ದೆಲ್ಲ ಕೆದಕುವುದು ಬ್ಯಾಡ್ ಮ್ಯಾನರ್ಸ್ ಅಂತ ನಾನೇ ಬಾಯಿ ಮುಚ್ಚಿಕೊಂಡಿದ್ದೆ. ಪಕ್ಕದ ಕೋಣೆಯಲ್ಲೇ ಇದ್ದ ಒಬ್ಬರು ಆ ಉತ್ತರಕ್ಕೆ ಹನ್ನೆರಡು ವರ್ಷ ಕಾದಿದ್ದರು.