ಕೌದಿ ಬಿಚ್ಚಿದ ಗಂಗತ್ತೆ

ನಮ್ಮ ಮನೆಯ ಹೆಣ್ಣುಮಗಳು ಡಿಗ್ರಿ ಮುಗಿಸುವುದು ಆಗದ ಮಾತು ಎಂದವರು ರುದ್ರಪ್ಪ ಚಿಕ್ಕಪ್ಪ. ಅಜ್ಜಂಪುರದ ನಮ್ಮ ಜಗಲಿಯಲ್ಲಿ, ನಾಲ್ಕು ಜನರ ಮುಂದೆ. ಒಳಗೆ ಕೌದಿ ಹೊಲಿಯುತ್ತಿದ್ದ ಅವರ ಅಕ್ಕ, ನನ್ನ ಗಂಗತ್ತೆ, ತಲೆ ಎತ್ತದೆ ಕೇಳಿದಳು: "ಲೇ ರುದ್ರ, ನೀನು ಎಸ್ಸೆಲ್ಸಿ ಎಷ್ಟು ಸಲ ಕಟ್ಟಿದ್ದೆ, ಹೇಳೋ."

ಚಿಕ್ಕಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು.

ಅತ್ತೆ ಹೋದ ಬೇಸಿಗೆಯಲ್ಲಿ ತೀರಿಕೊಂಡಳು. ನೆನೆದರೆ ಮೊದಲು ಕಾಣುವುದು ಅವಳ ತೋರುಬೆರಳು. ಸೂಜಿ ಒತ್ತಿ ಒತ್ತಿ ತುದಿ ಜಡ್ಡುಗಟ್ಟಿತ್ತು. ಒಲೆ ಮೇಲಿನ ಹೆಂಚು ಕಾದಿದೆಯೋ ಎಂದು ಅದರಿಂದಲೇ ಮುಟ್ಟಿ ನೋಡುವಳು. ಹಳೆ ಸೀರೆ, ಪಂಚೆ, ಲಂಗ, ಏನು ಸಿಕ್ಕರೂ ತೊಳೆದು ಒಣಗಿಸಿ, ಪದರ ಪದರವಾಗಿ ನೆಲಕ್ಕೆ ಹಾಸಿ, ಒಂದು ಅಂಚಿನಿಂದ ಸಾಲು ಸಾಲಾಗಿ ಹೊಲಿಯುತ್ತ ಇನ್ನೊಂದು ಅಂಚಿಗೆ ಬರುವಳು. ಹೊಲಿಗೆ ಸೊಟ್ಟ ಹೋದರೂ ಬಿಚ್ಚುತ್ತಿರಲಿಲ್ಲ. ಕೇಳಿದರೆ, "ಹೊದ್ಕೊಂಡು ಮಲಗೋರು ಕಣ್ಣು ಮುಚ್ಕೊಂಡಿರ್ತಾರೆ ಕಣೇ" ಅನ್ನುವಳು.

ನಾನು ಬೆಳಿಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಬಸ್ಸು ಹಿಡಿದು ತರೀಕೆರೆಯ ಕಾಲೇಜಿಗೆ ಹೋಗಿ ಓದಿದವಳು. ಕೊನೆಯ ಸೆಮಿಸ್ಟರಿನ ಪರೀಕ್ಷೆಯ ಹಿಂದಿನ ದಿನ, ಹಾಲ್ ಟಿಕೆಟ್ ಮುದುಡಬಾರದೆಂದು ಅರ್ಧ ಹೊಲಿದ ಕೌದಿಯ ಪದರಗಳ ನಡುವೆ ತೂರಿಸಿಟ್ಟೆ. ಬೆಳಿಗ್ಗೆ ನೋಡಿದರೆ ಕೌದಿ ಪೂರ್ತಿಯಾಗಿ, ನಾಲ್ಕೂ ಅಂಚು ಮುಚ್ಚಿಹೋಗಿತ್ತು.

"ಅಯ್ಯೋ! ಸೂಜಿ ಯಾಕೋ ಬಿಗಿ ಹೋಗ್ತಿತ್ತು ಕಣೇ. ಯಾವ್ದೋ ಗಂಜಿ ಹಾಕಿದ ಸೀರೆ ಅಂದ್ಕೊಂಡೆ" ಎಂದಳು ಅತ್ತೆ.

ಇನ್ನೊಂದು ಪ್ರತಿ ತೆಗೆಸೋಣವೆಂದರೆ, ಪ್ರಿಂಟ್ ಹಾಕುವ ಅಂಗಡಿ ತೆರೆಯುವ ಹೊತ್ತಿಗೆ ನನ್ನ ಬಸ್ಸು ಹೋಗಿರುತ್ತಿತ್ತು. ಅಷ್ಟರಲ್ಲಿ ಚಿಕ್ಕಪ್ಪ ಬಂದರು. "ಕೌದಿ ಕುಯ್ದೀಯ ಮತ್ತೆ! ಚೌಳಹಿರಿಯೂರಿನೋರು ಮಧ್ಯಾಹ್ನ ತಗಂಡೋಗಕ್ಕೆ ಬತ್ತಾರೆ. ಮಗಳ ಬಾಣಂತನಕ್ಕೆ ಅಂತ ಹೇಳಿ ಹೊಲಿಸಿರೋದು. ಈ ಪರೀಕ್ಷೆ ಮುಂದಿನ ಸಲ ಬರೀಲಿ ಬಿಡು."

"ಅವ್ರು ಎರಡು ದಿನ ಕಾಯ್ತಾರೆ. ಪರೀಕ್ಷೆ ಕಾಯ್ತದೇನೋ?" ಅತ್ತೆ ಬ್ಲೇಡು ತೆಗೆದುಕೊಂಡು ಕೂತಳು. ಜಡ್ಡುಗಟ್ಟಿದ ಬೆರಳಲ್ಲಿ ತಡವಿ ಜಾಗ ಹಿಡಿದು, ಒಂದಲ್ಲ, ಏಳು ಸಾಲು ಬಿಚ್ಚಿದಳು. ಹಾಲ್ ಟಿಕೆಟ್ ದಾರದ ಸಮೇತ ಹೊರಗೆ ಬಂತು. ಫೋಟೋದಲ್ಲಿ ನನ್ನ ಕುತ್ತಿಗೆಗೆ ಸರಿಯಾಗಿ ಸಾಲು ತೂತು.

"ನೋಡು, ಸರ ಹಾಕಿ ಕಳಿಸ್ತಿದೀನಿ. ಓಡು."

ಪರೀಕ್ಷೆಯ ಕೋಣೆಯಲ್ಲಿ ಮೇಷ್ಟ್ರು ಅದನ್ನು ಬೆಳಕಿಗೆ ಹಿಡಿದು ನೋಡಿದರು. "ಏನಮ್ಮಾ ಇದು, ಹೊಲಿಗೆ ಮಿಷನ್ನಿಗೆ ಕೊಟ್ಟಿದ್ಯಾ?"

"ಇಲ್ಲ ಸರ್, ಕೈಹೊಲಿಗೆ."

ನಕ್ಕು ಸಹಿ ಹಾಕಿದರು. ನಾನು ಬರೆದೆ, ಪಾಸಾದೆ. ನಮ್ಮ ವಂಶದ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಸರ್ಟಿಫಿಕೇಟ್ ಬಂದ ದಿನ ಅದನ್ನು ಮೊದಲು ಅತ್ತೆಯ ಕೈಗೆ ಕೊಟ್ಟೆ. ಸೆರಗಿಗೆ ಕೈ ಒರೆಸಿಕೊಂಡು ತಗೊಂಡಳು. ಅವಳಿಗೆ ಓದಲು ಬಾರದು. "ಇದ್ರಾಗೆ ನಿನ್ನ ಹೆಸ್ರು ಎಲ್ಲೈತೆ?" ಎಂದಳು. ತೋರಿಸಿದೆ. ಜಡ್ಡುಗಟ್ಟಿದ ಬೆರಳನ್ನು ಅದರ ಮೇಲೆ ಆಡಿಸಿದಳು.

"ನಾಳೆಯಿಂದ ನಂಗೆ ಸಹಿ ಹಾಕೋದು ಕಲಿಸು. ಡಿಗ್ರಿ ಮಾಡಿದೋಳ ಅತ್ತೆ ಪಿಂಚಣಿಗೆ ಹೆಬ್ಬೆಟ್ಟು ಒತ್ತಿದ್ರೆ ನಿಂಗೇ ಮರ್ಯಾದೆ ಅಲ್ಲ ಕಣೇ."